ಚೆಂಡೆಗೆ ಬೆಚ್ಚುವ ಮಗಳಿಗೂ ನಾಟಕ ಇದೆ

ಅಕ್ಕ, ಕಣ್ಣು ಕಾಣದ, ಕೂರಲೂ ಆಗದ ಮಗಳಿಗೆ ನಾಟಕ ಏನು ಅರ್ಥವಾದೀತು, ಯಕ್ಷಗಾನದ ಚೆಂಡೆಗೇ ಬೆಚ್ಚಿ ಅಳ್ತಾಳೆ ಅಂದಿರಿ. ಅರ್ಥ ಆಗಲೇಬೇಕೂಂತ ಇಲ್ಲ. ಲಂಡನ್ನಿನಲ್ಲಿ 1981ರಲ್ಲಿ ಶುರುವಾದ ಆಯಿಲಿ ಕಾರ್ಟ್ ತಂಡ ಇಂಥ ಮಕ್ಕಳಿಗೆಂದೇ ನಾಟಕ ಕಟ್ಟುತ್ತದೆ: ಪ್ರೇಕ್ಷಕರು ಬೆರಳೆಣಿಕೆಯಷ್ಟು, ಮಾತಿಗಿಂತ ಪರಿಮಳ, ಗಾಳಿ, ಸ್ಪರ್ಶ. ಈಜುಕೊಳದೊಳಗೂ ಆಡಿದ್ದಾರೆ!

ಮನೆಯಲ್ಲೇ ಮಾಡಿ ನೋಡಿ. ತಂಗಿಯ ಮಗನಿಗೆ ನಾವು ಮಲ್ಪೆ ಕಡಲು ಆಡಿದ್ದೆವು. ಬೆಚ್ಚಗಿನ ಹೊಯಿಗೆಯಲ್ಲಿ ಅವನ ಕಾಲು, ಒದ್ದೆ ಬೈರಾಸು ಬೀಸಿ ಗಾಳಿ, ಅವನ ಹೆಸರು ಸೇರಿಸಿ ಮೆಲ್ಲ ಒಂದು ಹಾಡು. ಒಮ್ಮೆಗೆ ಒಂದೇ, ಆಮೇಲೆ ಸುಮ್ಮನೆ ಕಾಯಬೇಕು; ಈ ಕಾಯುವುದೇ ಕಷ್ಟ. ಶಂಕರಪುರ ಮಲ್ಲಿಗೆ ಹಿಡಿದಾಗ ಮುಖ ತಿರುಗಿಸಿದ, ತೆಗೆದೆವು. ಮಗಳಿಗೆ ಫಿಟ್ಸ್ ಇದ್ದರೆ ಮಿಣುಕುವ ದೀಪ ಮಾತ್ರ ಬೇಡ.