ಯಾರ ಮನೆತನದಿಂದ ಬಂತು?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ನಾಲ್ಕು ವರ್ಷದ ಮಗನಿಗೆ ಆಟಿಸಂ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಅವನ ಲಕ್ಷಣಗಳನ್ನು ವೈದ್ಯರು ವಿವರಿಸುತ್ತಿದ್ದಾಗ ನನ್ನ ಪತಿ, ‘ಚಿಕ್ಕಂದಿನಲ್ಲಿ ನಾನೂ ಹೀಗೇ ಇದ್ದೆ’ ಎಂದರು. ಲೋಕಲ್ ರೈಲುಗಳ ವೇಳಾಪಟ್ಟಿ ಅವರಿಗೆ ಬಾಯಿಪಾಠ. ಮದುವೆಮನೆಯ ಗದ್ದಲದಲ್ಲಿ ಮಾತ್ರ ಅರ್ಧ ಗಂಟೆಯೂ ನಿಲ್ಲಲಾರರು. ಅತ್ತೆಯವರು ಮಾತ್ರ ಇದು ನನ್ನ ತವರಿನಿಂದಲೇ ಬಂದದ್ದೆನ್ನುತ್ತಾರೆ. ಈಗ ನಾನು ಮತ್ತೆ ಗರ್ಭಿಣಿ. ಈ ಮಗುವಿಗೂ ಬರುತ್ತದೆಯೇ? ಮೊದಲೇ ತಿಳಿಯಬಹುದೇ? ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷನ್ನಷ್ಟೇ ಆಡಬೇಕೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಐದು ದೇಶಗಳ ಸುಮಾರು 20 ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ಶೇ. 80ರಷ್ಟೆಂದು ಅಂದಾಜಿಸಿತು. ಇದು ಇಡೀ ಜನಸಮುದಾಯದಲ್ಲಿ ಕಾಣುವ ವ್ಯತ್ಯಾಸದ ಲೆಕ್ಕವೇ ಹೊರತು, ನಿಮ್ಮ ಮುಂದಿನ ಮಗುವಿಗೆ ಶೇ. 80ರಷ್ಟು ಸಾಧ್ಯತೆಯಿದೆ ಎಂದು ಅರ್ಥವಲ್ಲ. ಹೆಚ್ಚಿನ ಮಕ್ಕಳಲ್ಲಿ, ಒಂದೊಂದಾಗಿ ನೋಡಿದರೆ ನಗಣ್ಯವೆನಿಸುವ ನೂರಾರು ಜೀನ್ ವ್ಯತ್ಯಾಸಗಳು ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದು ಕೂಡಿಕೊಂಡಿರುತ್ತವೆ. ಇನ್ನು ಕೆಲವರಲ್ಲಿ, ತಂದೆತಾಯಿಯರಿಬ್ಬರಲ್ಲೂ ಇಲ್ಲದ ಬದಲಾವಣೆಯೊಂದು ವೀರ್ಯಾಣು ಅಥವಾ ಅಂಡಾಣುವಿನಲ್ಲಿ ಹೊಸದಾಗಿ ಹುಟ್ಟಿರುತ್ತದೆ. ಆದ್ದರಿಂದ ಒಂದು ಮನೆತನದತ್ತ ಬೊಟ್ಟು ಮಾಡುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ತಾಯಂದಿರ ತಣ್ಣನೆಯ ಸ್ವಭಾವವೇ ಕಾರಣವೆಂದು ಕಳೆದ ಶತಮಾನದ ನಡುಭಾಗದಲ್ಲಿ ತಜ್ಞರೇ ಹೇಳುತ್ತಿದ್ದರು. 1977ರಲ್ಲಿ ಲಂಡನ್ನಿನ ಅವಳಿ ಮಕ್ಕಳ ಅಧ್ಯಯನ ಬಂದು, ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರವಿದೆಯೆಂದು ತೋರಿಸಿದ ಮೇಲೆ ಆ ವಾದ ಕುಸಿಯತೊಡಗಿತು. ನಿಮ್ಮ ಅತ್ತೆಯವರ ಮಾತು ಅದರದೇ ಮನೆಮಟ್ಟದ ರೂಪವೆಂದು ನನಗೆ ತೋರುತ್ತದೆ.

ನಿಮ್ಮ ಪತಿಯವರ ಮಾತಿಗೆ ಬೆಲೆಯಿದೆ. ಆಟಿಸಂ ಇರುವ ಮಕ್ಕಳ ಹತ್ತಿರದ ಬಂಧುಗಳಲ್ಲಿ ಅದೇ ಬಗೆಯ ಗುಣಗಳು ಸೌಮ್ಯವಾಗಿ ಕಾಣಿಸುವುದುಂಟು. ಅವರಿಗೆ ಬದುಕು ತೊಡಕಾಗಿಲ್ಲದಿದ್ದರೆ ಹೆಸರಿಡುವ ಅಗತ್ಯವಿಲ್ಲ. ಯಾವ ಸದ್ದು, ಯಾವ ಗುಂಪು ಮಗನನ್ನು ಕಂಗೆಡಿಸುತ್ತದೆ ಎಂಬುದನ್ನು ಅವರು ಒಳಗಿನಿಂದ ಬಲ್ಲರು, ಆದ್ದರಿಂದ ಅವರನ್ನೇ ಥೆರಪಿಸ್ಟರ ಬಳಿಗೆ ಕರೆದೊಯ್ಯಿರಿ.

ಎರಡನೆಯ ಮಗುವಿನ ವಿಷಯಕ್ಕೆ ಬಂದರೆ, ಅಮೆರಿಕ ಮೊದಲಾದ ಕಡೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಕ್ಕ ಅಥವಾ ಅಣ್ಣನಿಗೆ ಆಟಿಸಂ ಇದ್ದ ಶಿಶುಗಳಲ್ಲಿ ಸುಮಾರು ಶೇ. 20ರಷ್ಟು ಮಂದಿಗೆ ಅದು ಕಂಡುಬಂತು. ಗಂಡುಮಕ್ಕಳಲ್ಲಿ ಸುಮಾರು ಶೇ. 25, ಹೆಣ್ಣುಮಕ್ಕಳಲ್ಲಿ ಶೇ. 13. (ಇದನ್ನೋದಿ ಭ್ರೂಣದ ಲಿಂಗ ತಿಳಿಯಲು ಯಾರೂ ಹೊರಡಬಾರದು, ಅದು ಅಪರಾಧ.) ಸ್ಕ್ಯಾನಿಂಗಿನಿಂದ ಆಟಿಸಂ ಗೊತ್ತಾಗದು. ನಿಮ್ಮ ಮಗನಿಗೆ ಕ್ರೋಮೋಸೋಮಲ್ ಮೈಕ್ರೋಅರೇ (ವರ್ಣತಂತುಗಳ ತುಣುಕುಗಳು ಹೆಚ್ಚುಕಡಿಮೆಯಾಗಿವೆಯೇ ಎಂದು ನೋಡುವುದು) ಮತ್ತು ಫ್ರಾಜೈಲ್ ಎಕ್ಸ್ (ಎಕ್ಸ್ ವರ್ಣತಂತುವಿನ ಒಂದು ಜೀನ್‌ನ ದೋಷ ನೋಡುವುದು) ಪರೀಕ್ಷೆಗಳು ಆಗಿರದಿದ್ದರೆ ಜೆನೆಟಿಕ್ ತಜ್ಞರನ್ನು ಈಗಲೇ ಕಾಣಿರಿ; ಖಚಿತ ಕಾರಣ ಸಿಕ್ಕುವುದು ಕೆಲವರಲ್ಲಷ್ಟೇ, ಸಿಕ್ಕಿದರೆ ಅದೊಂದನ್ನು ಗರ್ಭದಲ್ಲಿಯೂ ಪರೀಕ್ಷಿಸಬಹುದು. ನಿಮ್ಮದು ಸೋದರಮಾವನೊಡನೆ ಅಥವಾ ಅತ್ತೆಯ ಮಗನೊಡನೆ ಆದ ಮದುವೆಯಾಗಿದ್ದರೆ ಅದನ್ನು ಆ ತಜ್ಞರಿಗೆ ಮುಚ್ಚಿಡದೆ ಹೇಳಿ.

ಕನ್ನಡ ಬಿಡಬೇಡಿ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಹೊಸ ಮಗು ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸಿ ಕೇಳದಿದ್ದರೆ, ‘ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ’ ಎಂಬ ಸಮಾಧಾನಕ್ಕೆ ಕಿವಿಗೊಡದೆ ಮಕ್ಕಳ ಬೆಳವಣಿಗೆಯ ತಜ್ಞರಿಗೆ ತೋರಿಸಿ. ಥೆರಪಿ ಆರಂಭಿಸಲು ಅಂತಿಮ ನಿರ್ಣಯದವರೆಗೆ ಕಾಯಬೇಕಾಗಿಲ್ಲ.