ಮಾಯಾಕೋವ್‌ಸ್ಕಾಯಾ ನಿಲ್ದಾಣದ ಉಕ್ಕಿನ ಕಂಬಗಳು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಅಚ್ಚಾದ ಮಾಸ್ಕೋದ ಮಾಯಾಕೋವ್‌ಸ್ಕಾಯಾ ಮೆಟ್ರೊ ನಿಲ್ದಾಣದ ಚಿತ್ರವನ್ನು ಕಂಡು, ರೈಲು ಹತ್ತಿ ಇಳಿಯುವ ಜಾಗಕ್ಕೆ ಅರಮನೆಯ ವೈಭವ ಏಕೆ ಬೇಕಿತ್ತು, ಇದು ಸ್ಟಾಲಿನ್ ಆಡಳಿತದ ಪ್ರಚಾರವಲ್ಲದೆ ಮತ್ತೇನು ಎಂದು ಕೇಳಿದ್ದೀರಿ. ಪ್ರಚಾರವಿತ್ತು ಎಂಬುದರಲ್ಲಿ ನಮಗೂ ಅನುಮಾನವಿಲ್ಲ. ಆದರೆ ಆ ಚಿತ್ರದಲ್ಲಿ ನಿಮಗೆ ವೈಭವವಾಗಿ ಕಂಡದ್ದರ ಬಹುಪಾಲು ಎಂಜಿನಿಯರುಗಳ ಕೆಲಸ.

1938ರ ಸೆಪ್ಟೆಂಬರ್ 11ರಂದು ಆರಂಭವಾದ ಈ ನಿಲ್ದಾಣ ನೆಲದಿಂದ ಸುಮಾರು 33 ಮೀಟರ್ ಆಳದಲ್ಲಿದೆ. ಅದಕ್ಕೆ ಮೊದಲು ಮಾಸ್ಕೋದಲ್ಲಿ ಅಷ್ಟು ಆಳದಲ್ಲಿ ಕಟ್ಟಿದ ನಿಲ್ದಾಣಗಳಲ್ಲಿ ಮೇಲಿನ ಮಣ್ಣಿನ ಭಾರವನ್ನು ಹೊರಲು ಗೋಡೆಯಷ್ಟು ದಪ್ಪನೆಯ ಆಧಾರಗಳನ್ನು ನಿಲ್ಲಿಸುತ್ತಿದ್ದರು. ನಡುವಿನ ಹಜಾರದಿಂದ ಪ್ಲಾಟ್‌ಫಾರ್ಮಿಗೆ ಹೋಗಲು ಅವುಗಳ ಮಧ್ಯೆ ಕಿರಿದಾದ ದಾರಿಗಳಷ್ಟೇ ಉಳಿಯುತ್ತಿದ್ದವು. ಇಲ್ಲಿ ಆ ಭಾರವನ್ನು ಎರಡು ಸಾಲು ಉಕ್ಕಿನ ಕಂಬಗಳಿಗೆ ಹೊರಿಸಲಾಯಿತು. ಕಂಬಗಳು ತೆಳುವಾದುದರಿಂದಲೇ ಹಜಾರವೂ ಎರಡೂ ಪ್ಲಾಟ್‌ಫಾರ್ಮುಗಳೂ ಒಂದೇ ವಿಶಾಲ ಕೋಣೆಯಂತೆ ತೆರೆದುಕೊಂಡವು. ವಾಸ್ತುಶಿಲ್ಪಿ ಅಲೆಕ್ಸಿ ದುಶ್ಕಿನ್ ಈ ತೆಳುವನ್ನು ಮುಚ್ಚಿಡಲಿಲ್ಲ. ವಾಯುನೌಕೆಗಳನ್ನು ಕಟ್ಟುವ ಕಾರ್ಖಾನೆಯಲ್ಲಿ ಸಿದ್ಧವಾದ, ಉದ್ದುದ್ದ ಮಡಿಕೆಗಳುಳ್ಳ ತುಕ್ಕುಹಿಡಿಯದ ಉಕ್ಕಿನ ಪಟ್ಟಿಗಳನ್ನು ಕಮಾನುಗಳಿಗೆ ತೊಡಿಸಿದರು. ಚಿತ್ರದಲ್ಲಿ ಮಿನುಗುವುದು ಅದೇ.

ಪ್ರಚಾರವನ್ನು ಹುಡುಕುವವರು ಕತ್ತೆತ್ತಿ ನೋಡಬೇಕು. ಅಂಚಿನ ಸುತ್ತ ದೀಪಗಳಿರುವ ಅಂಡಾಕಾರದ ಗುಮ್ಮಟಗಳೊಳಗೆ, ಅಲೆಕ್ಸಾಂಡರ್ ದೈನೆಕಾ ರೂಪಿಸಿದ 34 ಮೊಸಾಯಿಕ್ ಚಿತ್ರಗಳು ಸೋವಿಯತ್ ಆಕಾಶದ ಒಂದು ಹಗಲು-ರಾತ್ರಿಯನ್ನು ತೋರಿಸುತ್ತವೆ: ವಿಮಾನಗಳು, ಪ್ಯಾರಾಚೂಟಿನಿಂದ ಇಳಿಯುವವರು, ಗಳು ಹಿಡಿದು ಜಿಗಿಯುವ ಕ್ರೀಡಾಪಟು. ಗುಮ್ಮಟದ ನೇರ ಕೆಳಗೆ ನಿಂತರೆ ಮಾತ್ರ ಚಿತ್ರ ಪೂರ್ತಿಯಾಗಿ ಕಾಣುತ್ತದೆ. ರೈಲಿಗೆ ಓಡುವವರಲ್ಲಿ ಎಷ್ಟು ಮಂದಿ ಹಾಗೆ ನಿಂತಾರು? ಪ್ರಚಾರದ ದೃಷ್ಟಿಯಿಂದ ಇದು ಅಷ್ಟೇನೂ ಜಾಣತನದ ಏರ್ಪಾಡಲ್ಲ ಎಂಬುದು ನಮ್ಮ ಅಭಿಪ್ರಾಯ.

ಆದರೆ ಹಜಾರದ ವಿಶಾಲತೆ ಸರ್ಕಾರದ ಉಪಯೋಗಕ್ಕೆ ಬಂದದ್ದು ನಿಜ. ಜರ್ಮನ್ ಸೇನೆ ಮಾಸ್ಕೋದತ್ತ ನುಗ್ಗುತ್ತಿದ್ದ 1941ರ ನವೆಂಬರ್ 6ರಂದು ಅಕ್ಟೋಬರ್ ಕ್ರಾಂತಿಯ ವಾರ್ಷಿಕ ಸಭೆ ನಡೆದದ್ದೂ ಸ್ಟಾಲಿನ್ ಭಾಷಣ ಮಾಡಿದ್ದೂ ಬಾಂಬುಗಳ ಭಯವಿಲ್ಲದ ಈ ನಿಲ್ದಾಣದಲ್ಲೇ.

ನಿಮ್ಮ ಟೀಕೆ ಹೆಚ್ಚು ಸಲ್ಲುವುದು 1952ರಲ್ಲಿ ವರ್ತುಲ ಮಾರ್ಗದಲ್ಲಿ ತೆರೆದ ಕೊಮ್ಸೊಮೊಲ್‌ಸ್ಕಾಯಾ ನಿಲ್ದಾಣಕ್ಕೆ. ಅಲ್ಲಿನ ಹಳದಿ ಚಾವಣಿಯ ತುಂಬ ಗಾರೆಯ ಅಲಂಕಾರ, ತೂಗುದೀಪಗಳು, ಯುದ್ಧವೀರರ ಚಿತ್ರಗಳು. ಇಂಥ ಅತಿಯಲಂಕಾರದ ವಿರುದ್ಧ 1955ರಲ್ಲಿ ಸೋವಿಯತ್ ಸರ್ಕಾರವೇ ಆದೇಶ ಹೊರಡಿಸಿತು.

– ಸಂಪಾದಕ