ನೋರಾ ಔನೋರ್ ಲೇಖನ ವಾಪಸ್ ಕಳಿಸುತ್ತಿರುವುದೇಕೆ

ನಮಸ್ಕಾರ.

ಫಿಲಿಪ್ಪೀನ್ಸಿನ ನಟಿ ನೋರಾ ಔನೋರ್ ಬಗ್ಗೆ ನೀವು ಕಳಿಸಿದ 2,400 ಪದಗಳ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗದು. ಆದರೆ ನೀವು ಆಕೆಯ ಸಿನಿಮಾಗಳನ್ನು ಕೂತು ನೋಡಿದ್ದೀರಿ ಎಂಬುದು ಒಂದೆರಡು ಕಡೆ ಎದ್ದು ಕಾಣುತ್ತದೆ. ಅದಕ್ಕೇ ತಿದ್ದಿ ಕಳಿಸಿ ಎನ್ನುತ್ತಿದ್ದೇವೆ.

ಮೊದಲು ಶೀರ್ಷಿಕೆ. ‘ಫಿಲಿಪ್ಪೀನ್ಸಿನ ಮಿನುಗುತಾರೆ’ ಬೇಡ. ಓದುಗ ಆ ಕ್ಷಣದಿಂದ ಕಲ್ಪನಾ ಅವರನ್ನೇ ಹುಡುಕುತ್ತಾ ಹೋಗುತ್ತಾನೆ, ನೋರಾ ಕಣ್ಣಿಗೇ ಬೀಳುವುದಿಲ್ಲ. ‘2025ರ ಏಪ್ರಿಲ್ 16ರಂದು ಒಂದು ತಾರೆ ಅಸ್ತಂಗತವಾಯಿತು’ ಎಂಬ ಮೊದಲ ಸಾಲೂ ಹೋಗಲಿ. ಸಾವಿನ ಸುದ್ದಿ ಹಳೆಯದಾಯಿತು, ತಾರೆ ಅಸ್ತವಾಗುವುದು ಅದಕ್ಕಿಂತ ಹಳೆಯದು.

ದೊಡ್ಡ ತಕರಾರು ಬೇರೆ. ಎರಡನೇ ಪುಟದಿಂದ ನಾಲ್ಕನೇ ಪುಟದವರೆಗೆ ಬರೀ ಪ್ರಶಸ್ತಿಗಳ ಪಟ್ಟಿ. ಆಕೆಗೆ ಏನೇನು ಸಿಕ್ಕಿತು ಎಂದು ಗೊತ್ತಾಗುತ್ತದೆ, ಪರದೆಯ ಮೇಲೆ ಏನು ಮಾಡಿದರು ಎಂದು ಗೊತ್ತಾಗುವುದಿಲ್ಲ. ಲೇಖನದ ಬೆನ್ನೆಲುಬು ನಿಮ್ಮ ಆರನೇ ಪುಟದಲ್ಲೇ ಇದೆ: ‘ಅಭಿಮಾನಿಗಳು ಪೂಜಿಸುತ್ತಿದ್ದ ನಟಿ ಅಭಿಮಾನಿಯ ಪಾತ್ರ ಮಾಡಿದರು’ ಎಂದು ಒಂದೇ ವಾಕ್ಯ ಬರೆದು ಮುಂದೆ ಓಡಿದ್ದೀರಿ. ನಿಲ್ಲಬೇಕಾದ್ದು ಅಲ್ಲಿ.

1970ರ ದಶಕದ ಆ ಅಭಿಮಾನ ಎಂಥದ್ದೆಂದು ಮೊದಲು ಕಟ್ಟಿಕೊಡಿ. 1953ರಲ್ಲಿ ಬಿಕೋಲ್ ಪ್ರದೇಶದ ಇರಿಗಾದಲ್ಲಿ ಹುಟ್ಟಿ, ಬಡತನದಿಂದಾಗಿ ರೈಲು ನಿಲ್ದಾಣದಲ್ಲಿ ನೀರು ಮಾರಿದ ಹುಡುಗಿ. 1967ರಲ್ಲಿ ‘ತವಾಗ್ ನ್ಯಾಂಗ್ ತಂಗಾಲನ್’ ಗಾಯನ ಸ್ಪರ್ಧೆ ಗೆದ್ದಾಗ ಇನ್ನೂ ಹದಿನಾಲ್ಕು. ನಾಯಕಿ ಎಂದರೆ ಬಿಳಿ ಮೈಬಣ್ಣದ, ಎತ್ತರದ, ಸ್ಪ್ಯಾನಿಷ್ ಚಹರೆಯ ಮಿಶ್ರ ಸಂತತಿಯವಳೇ ಆಗಬೇಕೆಂಬ ಕಾಲದಲ್ಲಿ ಈ ಕಂದು ಬಣ್ಣದ, ಗಿಡ್ಡ ಹುಡುಗಿಯಲ್ಲಿ ಬಡ ಹೆಣ್ಣುಮಕ್ಕಳು ತಮ್ಮನ್ನೇ ಕಂಡರು. ತಮ್ಮನ್ನು ‘ನೋರಾನಿಯನ್’ ಎಂದು ಕರೆದುಕೊಂಡರು. ಎದುರು ಪಾಳಯದಲ್ಲಿ ನಟಿ ವಿಲ್ಮಾ ಸಾಂತೋಸ್ ಅವರ ‘ವಿಲ್ಮಾನಿಯನ್’ಗಳು. ನಟ ತಿರ್ಸೋ ಕ್ರೂಸ್ ಜೊತೆಗಿನ ತೆರೆಯ ಜೋಡಿ, ನಟ ಕ್ರಿಸ್ಟೋಫರ್ ಡಿ ಲಿಯೋನ್ ಜೊತೆಗಿನ ಮದುವೆ ಇಲ್ಲಿ ತಲಾ ಒಂದು ವಾಕ್ಯದಲ್ಲಿ ಮುಗಿಯಬೇಕು. ನೀವು ಮದುವೆಗೇ ಒಂದು ಪುಟ ಕೊಟ್ಟಿದ್ದೀರಿ.

ಆಮೇಲೆ ಆ ಅಭಿಮಾನಿಯ ಚಿತ್ರ ‘ಬೋನಾ’ಕ್ಕೆ ಬನ್ನಿ. 1980, ನಿರ್ದೇಶನ ಲಿನೋ ಬ್ರೋಕಾ, ನಿರ್ಮಾಣ ನೋರಾ ಅವರದೇ ಸಂಸ್ಥೆ. ಈ ಕೊನೆಯ ಮಾಹಿತಿ ನಿಮ್ಮಲ್ಲಿಲ್ಲ, ಅದಿಲ್ಲದೆ ನಿಮ್ಮ ವಾದಕ್ಕೆ ಕಾಲೇ ಇಲ್ಲ. ಚಿತ್ರ ತೆರೆದುಕೊಳ್ಳುವುದು ಮನಿಲಾದ ಕಿಯಾಪೊದಲ್ಲಿ ಕಪ್ಪು ಯೇಸುವಿನ ಮೂರ್ತಿಗೆ ಮುಗಿಬೀಳುವ ಜನಜಂಗುಳಿಯಿಂದ. ಬೋನಾ ಒಬ್ಬ ಚಿಲ್ಲರೆ ಪಾತ್ರಗಳ ನಟನ ಹುಚ್ಚು ಹಿಡಿದು, ಮನೆ ಬಿಟ್ಟು, ಕೊಳೆಗೇರಿಯಲ್ಲಿ ಅವನ ಚಾಕರಿಗೆ ನಿಲ್ಲುತ್ತಾಳೆ. ನೀರು ಹೊರುತ್ತಾಳೆ, ಅವನ ಸ್ನಾನಕ್ಕೆ ಕಾಯಿಸುತ್ತಾಳೆ. ಮನೆ ಮಾರಿ ಅಮೆರಿಕಕ್ಕೆ ಹೊರಟೆ ಎಂದು ಅವನು ಹೇಳಿದ ಮೇಲೆ ಅದೇ ಕುದಿಯುವ ನೀರನ್ನು ಅವನ ಮೇಲೆ ಸುರಿಯುತ್ತಾಳೆ. ಇದಕ್ಕೆ ನೀವು ಕೊಟ್ಟದ್ದು ‘ಅಮೋಘ ಅಭಿನಯ’ ಎಂಬ ಎರಡು ಪದ. ಮಾತು ಹೆಚ್ಚಿಲ್ಲದ ಆ ಪಾತ್ರದಲ್ಲಿ ಕಣ್ಣು ಯಾವಾಗ ಬದಲಾಯಿತು ಎಂದು ಬರೆಯಿರಿ. ಬೇಕಾದರೆ ಆ ದೃಶ್ಯವನ್ನು ಮತ್ತೆ ಮೂರು ಸಲ ನೋಡಿ, ಒಮ್ಮೆ ಸದ್ದು ಪೂರ್ತಿ ಇಳಿಸಿ. (ಬಾಲ್ಯದಲ್ಲಿ ಮಾರಿದ ನೀರಿಗೂ ಈ ನೀರಿಗೂ ಗಂಟು ಹಾಕಲು ಹೋಗಬೇಡಿ.)

‘ಹಿಮಾಲಾ’ ಚಿತ್ರ ಕುರುಡು ಆರಾಧನೆಯ ಇದೇ ಪ್ರಶ್ನೆಯನ್ನು ಊರಿನಷ್ಟು ದೊಡ್ಡದು ಮಾಡುತ್ತದೆ. 1982, ನಿರ್ದೇಶನ ಇಶ್ಮಾಯೆಲ್ ಬೆರ್ನಾಲ್, ಚಿತ್ರಕಥೆ ರಿಕಿ ಲೀ. ಕಬ್ರಾ ದ್ವೀಪದಲ್ಲಿ 1960ರ ದಶಕದಲ್ಲಿ ಮೇರಿಮಾತೆ ಕಾಣಿಸಿಕೊಂಡಳೆಂಬ ಸುದ್ದಿ ಅದಕ್ಕೆ ಪ್ರೇರಣೆ. ಮಳೆಯಿಲ್ಲದೆ ಒಣಗಿದ ಹಳ್ಳಿಯಲ್ಲಿ ಎಲ್ಸಾ ಎಂಬ ಹುಡುಗಿ ದೇವಿಯನ್ನು ಕಂಡೆ ಎನ್ನುತ್ತಾಳೆ, ರೋಗಿಗಳು ಬರುತ್ತಾರೆ, ವ್ಯಾಪಾರ ಶುರುವಾಗುತ್ತದೆ. ಕೊನೆಗೆ ದಿಬ್ಬದ ಮೇಲೆ ಮೈಕಿನ ಮುಂದೆ ನಿಂತು, ಪವಾಡವೇ ಇಲ್ಲ, ದೇವರನ್ನೂ ಶಾಪವನ್ನೂ ಮಾಡಿಕೊಂಡವರು ನಾವೇ ಎಂದು ಸಾವಿರಾರು ಜನರ ಎದುರು ಹೇಳುತ್ತಾಳೆ. ಗುಂಡು ಬೀಳುತ್ತದೆ. ಅಲ್ಲಿಯವರೆಗೂ ಮುಖ ಅಲುಗಿಸದೆ ಮೆಲುದನಿಯಲ್ಲಿ ಮಾತಾಡಿದ್ದರಿಂದಲೇ ಆ ಭಾಷಣ ತಾಗುವುದು. ನೀವು ಭಾಷಣ ಅನುವಾದಿಸಿದ್ದೀರಿ, ಮೊದಲಿನ ಮೌನ ಬಿಟ್ಟಿದ್ದೀರಿ.

ಇನ್ನು ತಪ್ಪುಗಳು. ‘ಹಿಮಾಲಾ’ಕ್ಕೆ ಬರ್ಲಿನ್ ಚಿತ್ರೋತ್ಸವದ ಪ್ರಶಸ್ತಿ ಬಂದಿಲ್ಲ, 1983ರಲ್ಲಿ ಅದು ಅಲ್ಲಿ ಸ್ಪರ್ಧೆಯಲ್ಲಿತ್ತು, ಅಷ್ಟೇ. ‘ಬೋನಾ’ 1981ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋದದ್ದು ಡೈರೆಕ್ಟರ್ಸ್ ಫೋರ್ಟ್‌ನೈಟ್ ಎಂಬ ಸಮಾನಾಂತರ ವಿಭಾಗಕ್ಕೆ. ದುರಸ್ತಿಗೊಳಿಸಿದ ಪ್ರತಿಯನ್ನು 2024ರಲ್ಲಿ ಅಲ್ಲಿನ ಹಳೆಯ ಚಿತ್ರಗಳ ವಿಭಾಗವಾದ ಕಾನ್ ಕ್ಲಾಸಿಕ್ಸ್‌ನಲ್ಲಿ ತೋರಿಸಿದರು. ‘ಹಿಮಾಲಾ’ ‘ಏಷ್ಯಾ-ಪೆಸಿಫಿಕ್‌ನ ಸಾರ್ವಕಾಲಿಕ ಶ್ರೇಷ್ಠ ಚಿತ್ರ’ ಎನ್ನುವುದು 2008ರಲ್ಲಿ ಸಿಎನ್‌ಎನ್ ನಡೆಸಿದ ವೀಕ್ಷಕರ ಮತದಾನ, ತೀರ್ಪುಗಾರರದಲ್ಲ. ಇಂಥ ವ್ಯತ್ಯಾಸ ಗಮನಿಸದೆ ಬರೆದರೆ ಸಿನಿಮಾ ಬಲ್ಲ ಓದುಗ ಅಲ್ಲಿಗೇ ಪುಟ ಮಗುಚುತ್ತಾನೆ.

ಫ್ಲೋರ್ ಕಾಂಟೆಂಪ್ಲಸಿಯೋನ್ ನೋರಾ ಸೃಷ್ಟಿಸಿದ ಪಾತ್ರ ಎಂಬಂತೆ ಬರೆದಿದ್ದೀರಿ. ಆಕೆ ನಿಜವಾಗಿ ಬದುಕಿದ್ದವರು, ಸಿಂಗಪುರಕ್ಕೆ ದುಡಿಯಲು ಹೋದ ಫಿಲಿಪ್ಪೀನ್ಸಿನ ಮನೆಗೆಲಸದಾಕೆ. ಕೊಲೆ ಆರೋಪ ಸಾಬೀತಾಗಿ ಸಿಂಗಪುರದಲ್ಲಿ 1995ರ ಮಾರ್ಚ್ 17ರಂದು ಗಲ್ಲಿಗೇರಿದರು. ಫಿಲಿಪ್ಪೀನ್ಸ್ ಹೊತ್ತಿ ಉರಿಯಿತು. ಅದೇ ವರ್ಷ ಆಕೆಯ ಕಥೆಯ ಸಿನಿಮಾ ಬಂತು, ಕೈರೋ ಚಿತ್ರೋತ್ಸವದಲ್ಲಿ ನೋರಾ ಶ್ರೇಷ್ಠ ನಟಿಯಾದರು. ಮನೆಯವರನ್ನು ಗಲ್ಫ್‌ಗೆ ಕಳಿಸಿದ ನಮ್ಮ ಕರಾವಳಿಯ ಓದುಗರಿಗೆ ಈ ಪ್ಯಾರಾಕ್ಕೆ ಪೀಠಿಕೆ ಬೇಕಾಗದು.

2005ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಾದ ಮಾದಕವಸ್ತು ಪ್ರಕರಣವನ್ನು ಗೌರವದಿಂದ ಬಿಟ್ಟಿದ್ದೀರಿ ಎಂದು ತೋರುತ್ತದೆ. ಬಿಟ್ಟರೆ, 2014ರಲ್ಲಿ ಅಧ್ಯಕ್ಷ ಅಕಿನೋ ಆಕೆಯ ಹೆಸರನ್ನು ರಾಷ್ಟ್ರೀಯ ಕಲಾವಿದರ ಪಟ್ಟಿಯಿಂದ ತೆಗೆದದ್ದೇಕೆ ಎಂಬುದು ಒಗಟಾಗುತ್ತದೆ. ಪ್ರಕರಣವನ್ನು ಮುಂದೆ ಕೈಬಿಡಲಾಯಿತು ಎಂಬುದನ್ನೂ ಸೇರಿಸಿ, ಎರಡು ವಾಕ್ಯ ಸಾಕು. 2022ರಲ್ಲಿ ಆ ಗೌರವ ಕೊನೆಗೂ ಬಂತು. ನಡುವೆ ಇನ್ನೊಂದು: 2010ರಲ್ಲಿ ಜಪಾನಿನಲ್ಲಿ ಮಾಡಿಸಿಕೊಂಡ ಸೌಂದರ್ಯ ಚಿಕಿತ್ಸೆ ಕೆಟ್ಟು ಹಾಡುವ ದನಿ ಹೋಯಿತು. ಅದರ ಎರಡೇ ವರ್ಷಕ್ಕೆ ‘ದೈ ವೂಂಬ್’ ಚಿತ್ರದಲ್ಲಿ ತಾವಿ-ತಾವಿ ದ್ವೀಪಗಳ ಬಂಜೆ ಸೂಲಗಿತ್ತಿಯಾಗಿ, ಗಂಡನಿಗೆ ತಾನೇ ಎರಡನೇ ಹೆಂಡತಿ ಹುಡುಕುವವಳಾಗಿ ನಟಿಸಿದರು. ಇವೆರಡನ್ನು ಪಕ್ಕಪಕ್ಕ ಇಡಿ, ನಡುವೆ ವ್ಯಾಖ್ಯಾನ ಬೇಡ.

ಒಟ್ಟು 1,500 ಪದ. ಬಾಲ್ಯಕ್ಕೆ 150, ಅಭಿಮಾನದ ಕಾಲಕ್ಕೆ 250, ‘ಬೋನಾ’ ಮತ್ತು ‘ಹಿಮಾಲಾ’ಕ್ಕೆ 600, 1995ಕ್ಕೆ 200, 2005ರಿಂದ 2022ರವರೆಗೆ 200, ಸಾವು ಮತ್ತು ವೀರಯೋಧರ ಸ್ಮಶಾನದಲ್ಲಿ ನಡೆದ ಸರ್ಕಾರಿ ಅಂತ್ಯಕ್ರಿಯೆಗೆ 100. ‘ಅಮೋಘ’, ‘ಅದ್ವಿತೀಯ’, ‘ಮನೋಜ್ಞ’ ಮೂರನ್ನೂ ಹುಡುಕಿ ಅಳಿಸಿ, ನಿಮ್ಮ ಪ್ರತಿಯಲ್ಲಿ ಒಟ್ಟು ಹತ್ತೊಂಬತ್ತು ಇವೆ. ಮುಂದಿನ ಸಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ. ಹಳೆಯ ಫಾಂಟಿನಿಂದ ಪರಿವರ್ತಿಸಿದಾಗ ಅರ್ಕಾವತ್ತುಗಳೆಲ್ಲ ಪಕ್ಕದ ಅಕ್ಷರಕ್ಕೆ ಹಾರಿವೆ, ಬೆರ್ನಾಲ್ ಹೆಸರು ನಾಲ್ಕು ಬಗೆಯಲ್ಲಿದೆ.